ಅಕ್ಟೋಬರ್ ರಜೆಗೆ ಊರು ಆರಿಸಿಕೊಡುವ ಶಿರಸಿಯ ಒಂದು ಪ್ರವಾಸ ಕಚೇರಿ

ದಸರಾ ರಜೆಗೆಂದು ಉತ್ತರ ಕನ್ನಡಕ್ಕೆ ಬರುವ ನೆಂಟರ ಪಟ್ಟಿಯಲ್ಲಿ ಜೋಗ, ಯಾಣ, ಸಹಸ್ರಲಿಂಗ, ಗೋಕರ್ಣ, ಮುರ್ಡೇಶ್ವರ, ದಾಂಡೇಲಿ, ಕಾರವಾರ ಎಲ್ಲವೂ ಇರುತ್ತವೆ. ಅಷ್ಟನ್ನೂ ಒಂದೇ ಸುತ್ತಿನಲ್ಲಿ ಮುಗಿಸಿಬಿಡುವ ಉತ್ಸಾಹವೂ ಇರುತ್ತದೆ. ಹನ್ನೆರಡು ತಾಲೂಕುಗಳ, ಸುಮಾರು 140 ಕಿ.ಮೀ. ಕಡಲತೀರದ, ನಡುವೆ ಸಹ್ಯಾದ್ರಿಯ ಗೋಡೆಯೇ ನಿಂತಿರುವ ಈ ಜಿಲ್ಲೆಯಲ್ಲಿ ಅದು ಆಗದ ಮಾತೆಂದು ಇಲ್ಲಿಯವರಿಗೆ ಗೊತ್ತು, ಆದರೆ ನೆಂಟರಿಗೆ ಹೇಳುವುದು ಕಷ್ಟ. ಶಿರಸಿಯಲ್ಲಿ ಈ ಕಷ್ಟವನ್ನೇ ಕಸುಬು ಮಾಡಿಕೊಂಡ ಒಂದು ಸಣ್ಣ ಪ್ರವಾಸ ಕಚೇರಿ ಇದೆ. ಸಿದ್ಧ ಪ್ಯಾಕೇಜನ್ನು ಮಾರುವ ಬದಲು, ಹೊರಡುವವರ ವಯಸ್ಸು, ಕಾಲಿನ ಶಕ್ತಿ, ಆ ವಾರದ ಮಳೆ ಮತ್ತು ರಸ್ತೆಯ ಸ್ಥಿತಿ ನೋಡಿ ಇಂಥಲ್ಲಿಗೆ ಹೋಗಿ, ಇಂಥದ್ದನ್ನು ಬಿಡಿ ಎಂದು ಬರೆದುಕೊಡುವುದು ಅವರ ಕೆಲಸ. ಕಾರವಾರದ ನಮ್ಮ ಮನೆಗೆ ಧಾರವಾಡದಿಂದ ಅಕ್ಕನ ಕುಟುಂಬ ಬಂದಾಗ ಈ ಸೇವೆಯನ್ನು ಬಳಸಿದೆವು. ಮೆಚ್ಚುಗೆಯ ಜೊತೆಗೆ ಗಟ್ಟಿಯಾದ ಆಕ್ಷೇಪಗಳೂ ಇರುವುದರಿಂದ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ವ್ಯವಹಾರದ ಬಗೆ ಸರಳವಾಗಿದೆ. ಮೊದಲು ಫೋನಿನಲ್ಲಿ ಮಾತುಕತೆ, ಆಮೇಲೆ ಎರಡು ಪುಟದ ಯೋಜನೆ, ಬೇಕಾದರೆ ವಾಹನ, ಬೇಕಾದರೆ ವಸತಿ. ಯೋಜನೆಗೆ ಪ್ರತ್ಯೇಕ ಶುಲ್ಕವಿದೆ; ವಾಹನವನ್ನೂ ಅವರಿಂದಲೇ ಪಡೆದರೆ ಆ ಶುಲ್ಕವನ್ನು ಬಾಡಿಗೆಯಲ್ಲಿ ಕಳೆಯುತ್ತಾರೆ. ಬಾಡಿಗೆ ಕಿಲೋಮೀಟರ್ ಲೆಕ್ಕದ್ದು, ಚಾಲಕರ ಭತ್ಯೆ ಬೇರೆ, ಟೋಲ್ ಮತ್ತು ಪಾರ್ಕಿಂಗ್ ನಮ್ಮದು. ಇವೆಲ್ಲವನ್ನೂ ಮುಂಗಡ ಕೇಳುವ ಮೊದಲೇ ಬರೆದು ಕಳುಹಿಸಿದ್ದರು, ಕೊನೆಯ ಬಿಲ್ಲಿನಲ್ಲಿ ಹೊಸ ಸಾಲು ಯಾವುದೂ ಸೇರಿರಲಿಲ್ಲ.

ಮಾತುಕತೆಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಹಿಡಿಸಿತು. ಎಷ್ಟು ದಿನ, ಎಷ್ಟು ಖರ್ಚು ಎಂಬ ಮಾತು ಆಮೇಲೆ ಬಂತು. "ಅಮ್ಮನಿಗೆ ಎಷ್ಟು ಮೆಟ್ಟಿಲು ಇಳಿಲಿಕ್ಕೆ ಆಗ್ತದೆ, ಅದನ್ನು ಮೊದಲು ಹೇಳಿ" ಎಂದರು ಕಚೇರಿಯ ಹಿರಿಯರು. ನಮ್ಮ ಅಮ್ಮನಿಗೆ ಮೊಣಕಾಲು ನೋವು. ಇಳಿದ ಮೆಟ್ಟಿಲನ್ನು ಮತ್ತೆ ಹತ್ತಲೇಬೇಕೆಂಬುದು ಮನೆಯವರಿಗೆ ಹೊಳೆಯುವುದು ಸಾಮಾನ್ಯವಾಗಿ ಕೆಳಗೆ ತಲುಪಿದ ಮೇಲೆ. ಘಟ್ಟದ ಜಲಪಾತಗಳೆಲ್ಲ ನದಿಯ ಕಣಿವೆಯೊಳಗೆ ಇರುವುದರಿಂದ ಹತ್ತಿರದಿಂದ ನೋಡಬೇಕೆಂದರೆ ಇಳಿಯದೆ ಗತಿಯಿಲ್ಲ. ಯಾವ ಜಲಪಾತವನ್ನು ಮೇಲಿನಿಂದಲೇ ಚೆನ್ನಾಗಿ ನೋಡಬಹುದು, ಯಾವುದಕ್ಕೆ ಸಮತಟ್ಟಾದ ಕಾಲುದಾರಿಯಿದೆ ಎಂಬ ವಿವರ ಆ ಎರಡು ಪುಟಗಳಲ್ಲಿ ಪ್ರತಿ ಸ್ಥಳದ ಎದುರಿಗೂ ಇತ್ತು.

ಇವರ ಆಯ್ಕೆಯ ತರ್ಕವೆಲ್ಲ ನೀರಿನ ಮೇಲೆ ನಿಂತಿದೆ. ಕಚೇರಿಯ ಗೋಡೆಯ ಮೇಲಿನ ಜಿಲ್ಲಾ ನಕ್ಷೆಯಲ್ಲಿ ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನದಿಗಳನ್ನು ದಪ್ಪ ಗೆರೆಯಲ್ಲಿ ತಿದ್ದಿದ್ದಾರೆ, ಅಣೆಕಟ್ಟೆಗಳಿರುವಲ್ಲಿ ಅಡ್ಡಗೆರೆ ಎಳೆದಿದ್ದಾರೆ. ಅಕ್ಟೋಬರ್‌ನಲ್ಲಿ ಮುಂಗಾರು ಹಿಂದೆ ಸರಿಯುತ್ತಿರುತ್ತದೆ, ಹಸ್ತ ಮುಗಿದು ಚಿತ್ತೆ ಹಿಡಿದಿರುತ್ತದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ. ಈ ತಿಂಗಳಲ್ಲಿ ಜಲಪಾತದ ಸೊಬಗು ಮಳೆಯೊಂದನ್ನೇ ಅವಲಂಬಿಸಿರುವುದಿಲ್ಲ, ಮೇಲ್ಗಡೆ ಅಣೆಕಟ್ಟೆ ಇದೆಯೇ ಎಂಬುದನ್ನೂ ಅವಲಂಬಿಸಿರುತ್ತದೆ. ಜೋಗದ 253 ಮೀಟರ್ ಧುಮುಕಿನ ಮೇಲ್ಗಡೆ ಲಿಂಗನಮಕ್ಕಿ ಜಲಾಶಯವಿದೆ. ಅದರ ಗರಿಷ್ಠ ಮಟ್ಟವಾದ 1819 ಅಡಿಯ ಹತ್ತಿರ ನೀರು ಬಂದು ಗೇಟು ತೆರೆದ ದಿನಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಒಂದೇ ಬಿಳಿ ಗೋಡೆಯಾಗುತ್ತವೆ. ಗೇಟು ಮುಚ್ಚಿದ್ದರೆ ಮಳೆ ಒಳ್ಳೆಯದಾಗಿದ್ದ ವರ್ಷದಲ್ಲೂ ನಾಲ್ಕು ತೆಳುವಾದ ಎಳೆಗಳಷ್ಟೇ ಕಾಣುತ್ತವೆ. ಅಘನಾಶಿನಿಗೆ ಅಂಥ ಅಣೆಕಟ್ಟೆ ಯಾವುದೂ ಇಲ್ಲ. ಹಾಗಾಗಿ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬೀಳುವ ನೀರು ಕಾಡು ಎಷ್ಟು ಕೊಟ್ಟಿತೋ ಅಷ್ಟು, ಅಕ್ಟೋಬರ್ ಪೂರ್ತಿ ತುಂಬಿ ಹರಿಯುತ್ತದೆ.

ಈ ಒಂದು ಕಾರಣಕ್ಕೆ ನಮ್ಮ ಯೋಜನೆಯಲ್ಲಿ ಉಂಚಳ್ಳಿಗೆ ಅರ್ಧ ದಿನ, ಘಟ್ಟ ಇಳಿದು ಕರಾವಳಿಗೆ ಹೋಗುವ ದಾರಿಯಲ್ಲಿ ಜೋಗಕ್ಕೆ ಎರಡು ಗಂಟೆ ಎಂದು ಬರೆದಿದ್ದರು. ಧಾರವಾಡದ ಭಾವನವರಿಗೆ ಇದು ಮೊದಲು ಒಗ್ಗಲಿಲ್ಲ, ಜೋಗ ನೋಡದೆ ಹೋದರೆ ಊರಿನಲ್ಲಿ ಏನೆಂದು ಹೇಳುವುದು ಎಂಬುದು ಅವರ ವಾದ. ಉಂಚಳ್ಳಿಯಲ್ಲಿ ಕಾಡಿನ ನಡುವೆ ಕಂಬಿ ಹಾಕಿದ ಮೆಟ್ಟಿಲುಗಳಿವೆ. ಅಮ್ಮ ಮೇಲಿನ ನೋಟದ ಕಟ್ಟೆಯಲ್ಲೇ ಕುಳಿತರು, ಉಳಿದವರು ಕೆಳಗಿನ ಕಟ್ಟೆಯವರೆಗೆ ಹೋದರು. ಇಡೀ ಕಣಿವೆ ಒಮ್ಮೆ ಮಂಜಿನಿಂದ ಮುಚ್ಚಿ, ಒಮ್ಮೆ ತೆರೆದು, ನೀರಿನ ಸದ್ದು ಮಾತ್ರ ಒಂದೇ ಸಮನೆ ಕೇಳುತ್ತಿರುವ ಆ ಜಾಗದಲ್ಲಿ ನಮ್ಮನ್ನು ಬಿಟ್ಟರೆ ಬೆರಳೆಣಿಕೆಯಷ್ಟು ಜನರಿದ್ದರು. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರನ ಹೆಸರಿನಿಂದ ಲಷಿಂಗ್ಟನ್ ಜಲಪಾತವೆಂದು ಈಗಲೂ ಕೆಲವು ಫಲಕಗಳಲ್ಲಿ ಬರೆಯುತ್ತಾರೆ, ಸುತ್ತಲಿನ ಹಳ್ಳಿಯವರು ಅದೆಷ್ಟು ಶತಮಾನದಿಂದ ನೋಡುತ್ತಿದ್ದರೋ. ಜೋಗಕ್ಕೆ ಬೆಳಗಿನ ಹೊತ್ತು ಬೇಡ, ಮಂಜು ಮುಚ್ಚಿರುತ್ತದೆ ಎಂಬ ಅವರ ಸೂಚನೆಯೂ ಸರಿಯಾಗಿತ್ತು. ಮಧ್ಯಾಹ್ನ ತಲುಪಿದಾಗ ಬಂಡೆಯ ಪೂರ್ತಿ ಎತ್ತರ ಕಣ್ಣಿಗೆ ಸಿಕ್ಕಿತು. ಗೇಟು ಮುಚ್ಚಿತ್ತು, ಎಳೆಗಳು ತೆಳುವಾಗಿದ್ದವು, ಭಾವನವರು ವಾದ ಮುಂದುವರಿಸಲಿಲ್ಲ.

ಯಲ್ಲಾಪುರದ ಕಡೆಯ ಎರಡು ಜಲಪಾತಗಳಲ್ಲಿ ಒಂದನ್ನು ಮಾತ್ರ ಆರಿಸಿ ಎಂದು ಅವರು ಹೇಳಿದ್ದನ್ನೂ ಒಪ್ಪಬೇಕು. ಮಾಗೋಡಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಆಳಕ್ಕೆ ಹಂತ ಹಂತವಾಗಿ ಇಳಿಯುತ್ತದೆ. ಅದನ್ನು ಎದುರು ಬದಿಯ ಗುಡ್ಡದ ಅಂಚಿನಿಂದ ನೋಡುವುದು, ನೀರಿನ ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲ. ಜೇನುಕಲ್ಲು ಗುಡ್ಡದ ಸೂರ್ಯಾಸ್ತವನ್ನು ಅದರೊಂದಿಗೇ ಸೇರಿಸಿಕೊಳ್ಳಬಹುದು. ಸಾತೊಡ್ಡಿಯ ಎತ್ತರ ಸುಮಾರು 15 ಮೀಟರ್ ಮಾತ್ರ, ಆದರೆ ಕಾಡಿನೊಳಗಿನ ಕಾಲುದಾರಿಯಲ್ಲಿ ನಡೆದು ನೀರಿನ ಎದುರಿಗೇ ನಿಲ್ಲಬಹುದು. ಮಕ್ಕಳಿದ್ದವರು ಸಾತೊಡ್ಡಿಯನ್ನೂ ಮೊಣಕಾಲು ನೋವಿನವರು ಮಾಗೋಡನ್ನೂ ಆರಿಸಲಿ ಎಂಬುದು ಅವರ ಸೂತ್ರ. ಎರಡೂ ಬಗೆಯವರು ಒಂದೇ ವಾಹನದಲ್ಲಿದ್ದರೆ? ಮಾಗೋಡು ಎಂದು ಉತ್ತರ ಬಂತು, ಏಕೆಂದರೆ ಅಕ್ಟೋಬರ್‌ನಲ್ಲಿ ಸಾತೊಡ್ಡಿಯ ನೀರಿನ ರಭಸ ಇನ್ನೂ ಇಳಿದಿರುವುದಿಲ್ಲ, ಮಕ್ಕಳನ್ನು ನೀರಿಗಿಳಿಯದಂತೆ ತಡೆಯುವುದರಲ್ಲೇ ದೊಡ್ಡವರ ದಿನ ಕಳೆಯುತ್ತದೆ.

ಪಟ್ಟಿಯಿಂದ ಅವರು ಪೂರ್ತಿ ಹೊಡೆದು ಹಾಕಿದ್ದು ಸಹಸ್ರಲಿಂಗವನ್ನು. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ, ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋಂದೆಯ ಅರಸರ ಕಾಲದಲ್ಲಿ ಕೆತ್ತಿಸಿದರೆಂದು ಹೇಳುವ ಲಿಂಗಗಳೂ ನಂದಿಗಳೂ ಅಲ್ಲಿವೆ. ಚಿತ್ರಗಳಲ್ಲಿ ಕಾಣುವ ಆ ದೃಶ್ಯ ನದಿ ಇಳಿದ ಮೇಲಿನದು. ಹಸ್ತ, ಚಿತ್ತೆಯ ಮಳೆಗೆ ನದಿ ಕೆಂಪಗೆ ಹರಿಯುತ್ತಿರುವಾಗ ಬಹುಪಾಲು ಲಿಂಗಗಳು ನೀರಿನಡಿಯಲ್ಲೇ ಇರುತ್ತವೆ, ದಂಡೆಯ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಪ್ಯಾಕೇಜುಗಳಲ್ಲೂ ಸೇರಿಸುವ ಸ್ಥಳ ಅದು, ಬಿಡಿ ಎಂದು ಹೇಳಿದವರನ್ನು ನಾನು ಮೊದಲ ಬಾರಿ ಕಂಡದ್ದು. ಬದಲಿಗೆ ಸೋಂದೆಯನ್ನೇ ಕೊಟ್ಟರು. ವಾದಿರಾಜ ಮಠ ಮತ್ತು ಸ್ವರ್ಣವಲ್ಲೀ ಮಠ ಒಂದೇ ಅರ್ಧ ದಿನದಲ್ಲಿ ಆಗುತ್ತವೆ, ಸೋಂದೆಯ ಜೈನ ಮಠವೂ ಅಲ್ಲೇ ಹತ್ತಿರ. ಮುಂಡಿಗೆಕೆರೆಯ ಮುಂಡಿಗೆ ಪೊದೆಗಳಲ್ಲಿ ಮಳೆಗಾಲಕ್ಕೆ ಗೂಡು ಕಟ್ಟಿದ ಬೆಳ್ಳಕ್ಕಿಗಳಲ್ಲಿ ಒಂದಿಷ್ಟು ಇನ್ನೂ ಉಳಿದಿದ್ದವು. ಮಠಗಳ ಅಂಗಳ ಸಮತಟ್ಟಾಗಿರುವುದರಿಂದ ಅಮ್ಮ ಆ ದಿನ ಎಲ್ಲರಿಗಿಂತ ಹೆಚ್ಚು ನಡೆದರು.

ಯಾಣದ ವಿಷಯದಲ್ಲಿ ಅವರ ಸಲಹೆ ನಡುದಾರಿಯದು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್. ದಟ್ಟ ಹಸಿರಿನ ನಡುವೆ ಎದ್ದು ನಿಂತ ಆ ಕಪ್ಪು ಸುಣ್ಣಕಲ್ಲಿನ ಬಂಡೆಗಳು ಮಳೆ ನಿಂತ ತಿಂಗಳಿನಲ್ಲಿ ಇನ್ನಷ್ಟು ಕಪ್ಪಾಗಿ ಕಾಣುತ್ತವೆ. ಆದರೆ ವಾಹನ ನಿಲ್ಲಿಸಿದ ಮೇಲೆ ಕಾಲ್ನಡಿಗೆ ಇದೆ, ಮೆಟ್ಟಿಲಿದೆ, ಮತ್ತು ರಕ್ತ ಹೀರುವ ಉಂಬಳಗಳಿವೆ. ಮಕ್ಕಳಿಗೆ ಉದ್ದ ಕಾಲುಚೀಲ, ಚೀಲದಲ್ಲಿ ಉಪ್ಪು ಮತ್ತು ಸುಣ್ಣ, ಬೆಳಿಗ್ಗೆ ಹತ್ತರೊಳಗೆ ಅಲ್ಲಿರಬೇಕು ಎಂದು ಬರೆದಿದ್ದರು. ಅಮ್ಮ ಮತ್ತು ಅಕ್ಕ ವಸತಿಯಲ್ಲೇ ಉಳಿಯುವಂತೆ, ವಾಹನ ಮಧ್ಯಾಹ್ನದ ಊಟಕ್ಕೆ ಹಿಂದಿರುಗುವಂತೆ ಯೋಜನೆಯನ್ನು ಎರಡಾಗಿ ಸೀಳಿದ್ದರು. ಇಡೀ ಕುಟುಂಬ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂಬ ಹಠ ನಮ್ಮಲ್ಲಿ ಹೆಚ್ಚು, ಅದನ್ನು ಮುರಿಯುವ ಧೈರ್ಯ ಹೊರಗಿನವರಿಗೇ ಇರುತ್ತದೆ.

ಮಳೆ ಹಿಡಿದ ಮಧ್ಯಾಹ್ನಕ್ಕೆಂದು ಬನವಾಸಿಯನ್ನು ಕೈಯಲ್ಲಿ ಇಟ್ಟುಕೊಂಡಿದ್ದರು. ಕದಂಬರ ರಾಜಧಾನಿ ಶಿರಸಿಯಿಂದ ಮುಕ್ಕಾಲು ಗಂಟೆಯ ದಾರಿ. ಮಧುಕೇಶ್ವರ ದೇವಾಲಯದ ಕಂಬಗಳ ನಡುವೆ ಕುಳಿತರೆ ಮಳೆ ಎಷ್ಟೇ ಬರಲಿ ನೋಡುವುದಕ್ಕೆ ಅಡ್ಡಿಯಿಲ್ಲ, ನುಣುಪಾಗಿ ಹೊಳೆಯುವ ಕಂಬಗಳಲ್ಲಿ ಮಕ್ಕಳು ತಮ್ಮ ನೆರಳು ತಲೆಕೆಳಗಾಗುವುದನ್ನು ಹುಡುಕುತ್ತಾ ಹೊತ್ತು ಕಳೆದರು, ಕಲ್ಲಿನ ಮಂಚವನ್ನು ಸುತ್ತು ಹಾಕಿದರು. ಪಶ್ಚಿಮಕ್ಕೆ ಹರಿಯುವ ನದಿಗಳನ್ನೇ ನೋಡಿ ಬಂದವರಿಗೆ ಊರಿನ ಪಕ್ಕದಲ್ಲಿ ಹರಿಯುವ ವರದಾ ಬೇರೆ ಸ್ವಭಾವದವಳು, ಅವಳು ಮೂಡಣದ ಬಯಲಿಗೆ ಹೊರಟು ತುಂಗಭದ್ರೆಯನ್ನು ಸೇರುತ್ತಾಳೆ. ತಿಂಗಳ ಮಧ್ಯಕ್ಕೆ ಗದ್ದೆಗಳಲ್ಲಿ ಭತ್ತದ ತೆನೆ ತೂಗುತ್ತಿರುತ್ತದೆ. ಸೀಗೆ ಹುಣ್ಣಿಮೆಯ ದಿನ ರೈತರು ಗದ್ದೆಗೆ ಹೋಗಿ ಭೂಮಿಗೆ ಬಯಕೆಯ ಊಟ ಬಡಿಸುವ ಪದ್ಧತಿ ಈ ಭಾಗದಲ್ಲಿ ಇನ್ನೂ ಗಟ್ಟಿಯಾಗಿದೆ. ರಜೆಯ ದಿನ ಅದಕ್ಕೆ ಹೊಂದಿಬಂದರೆ ಯಾವ ಜಲಪಾತಕ್ಕಿಂತಲೂ ಅದನ್ನೇ ನೋಡಿ ಎಂದು ಕಚೇರಿಯವರು ಹೇಳಿದ್ದರು.

ವಸತಿಗೆ ಶಿರಸಿಯ ಹೊರಗಿನ ಒಂದು ಅಡಿಕೆ ತೋಟದ ಹೋಮ್‌ಸ್ಟೇ ಕೊಟ್ಟಿದ್ದರು. ಕೋಣೆ ಸ್ವಚ್ಛ, ಬಿಸಿನೀರು ಹಂಡೆಯದ್ದು, ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಊಟ ಬಹಳ ಚೆನ್ನಾಗಿತ್ತು: ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೆಸುವಿನ ಎಲೆಯ ಪತ್ರೊಡೆ, ತೆಳ್ಳಗೆ ಕಾಗದದಂತೆ ಮಡಚಿದ ತೊಡೆದೇವು. ಆದರೆ ಕಚೇರಿಯವರ ಮುದ್ರಿತ ಕರಪತ್ರದಲ್ಲಿ "ಆಲೆಮನೆಯ ಅನುಭವ" ಎಂದೂ "ಮಾರಿಕಾಂಬಾ ಜಾತ್ರೆಯ ಸೊಬಗು" ಎಂದೂ ಇತ್ತು. ಆಲೆಮನೆ ಕಬ್ಬು ಬಲಿತ ಮೇಲೆ ಚಳಿಗಾಲ ಕಳೆಯುವ ಹೊತ್ತಿಗೆ ನಡೆಯುವಂಥದ್ದು. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಫೆಬ್ರವರಿ ಮಾರ್ಚ್‌ನಲ್ಲಿ. ಅಕ್ಟೋಬರ್‌ನಲ್ಲಿ ಮಾರಿಕಾಂಬೆಯ ಗುಡಿಯಲ್ಲಿ ನವರಾತ್ರಿಯ ಪೂಜೆಯಿರುತ್ತದೆ, ಅದೇ ಸಾಕಷ್ಟು ದೊಡ್ಡದು. ಫೋನಿನಲ್ಲಿ ಇಷ್ಟು ನಿಖರವಾಗಿ ಮಾತಾಡುವವರು ಕರಪತ್ರವನ್ನು ಯಾಕೆ ಹೀಗೆ ಅಚ್ಚು ಹಾಕಿಸಿದರೋ ತಿಳಿಯದು. ಕೇಳಿದಾಗ, ಅದು ಎಲ್ಲ ಕಾಲಕ್ಕೂ ಒಂದೇ ಕರಪತ್ರ ಎಂದರು. ಮಕ್ಕಳು ಮಾತ್ರ ಕಬ್ಬಿನ ಹಾಲಿಗಾಗಿ ಕೊನೆಯ ದಿನದವರೆಗೂ ಕೇಳುತ್ತಲೇ ಇದ್ದರು.

ಇನ್ನೊಂದು ಮಾತು. ದೀಪಾವಳಿ ಘಟ್ಟದ ಮೇಲಿನವರಿಗೆ ದೊಡ್ಡಹಬ್ಬ. ಆ ದಿನಗಳಲ್ಲಿ ಮನೆಯವರು ಗೋಪೂಜೆ, ಬಲೀಂದ್ರನ ಪೂಜೆಯಲ್ಲಿ ಮುಳುಗಿರುತ್ತಾರೆ. ಹಲವು ಹೋಮ್‌ಸ್ಟೇಗಳು ಆಗ ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಕಚೇರಿಯವರು ಮೊದಲೇ ಹೇಳುತ್ತಾರೆ, ಇದು ಅವರ ಪ್ರಾಮಾಣಿಕತೆ.

ದಾಂಡೇಲಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು: ಈ ಸಲ ಬೇಡ. ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿದೆ, ಮಳೆಗಾಲದಲ್ಲಿ ನಿಂತದ್ದು ಯಾವ ದಿನ ಮತ್ತೆ ಶುರುವಾಗುತ್ತದೆಂದು ತಿಂಗಳ ಮೊದಲೇ ಖಚಿತವಾಗಿ ಹೇಳಲಾಗುವುದಿಲ್ಲ. ಹುಲಿ ಸಂರಕ್ಷಿತ ಪ್ರದೇಶದ ಕಾಡು ಆಗಿನ್ನೂ ದಟ್ಟ ಹಸಿರಾಗಿದ್ದು ಸಫಾರಿಯಲ್ಲಿ ಪ್ರಾಣಿಗಳು ಕಾಣುವುದು ಕಡಿಮೆ. ಸರಿಯಾದ ತೀರ್ಮಾನವೇ, ಹೆಚ್ಚು ಹೇಳಬೇಕಾದ್ದಿಲ್ಲ.

ರಸ್ತೆಯ ಆಯ್ಕೆ ಅವರ ನಿಜವಾದ ಬಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ಈ ಜಿಲ್ಲೆಯಲ್ಲಿ ಯಾರೂ ಘಟ್ಟದ ದಾರಿಯನ್ನು ಹಗುರವಾಗಿ ನೋಡುವುದಿಲ್ಲ. ಶಿರಸಿ–ಕುಮಟಾ ರಸ್ತೆಯ ಅಗಲೀಕರಣದ ಕಾಮಗಾರಿಯಿಂದ ದೇವಿಮನೆ ಘಟ್ಟದಲ್ಲಿ ಈಚಿನ ವರ್ಷಗಳಲ್ಲಿ ಸಂಚಾರಕ್ಕೆ ಆಗಾಗ ನಿರ್ಬಂಧ ಬಂದಿದೆ. ಮೊಬೈಲಿನ ನಕ್ಷೆಯನ್ನು ಕೇಳಿದರೆ ಅದು ಹತ್ತಿರದ ದಾರಿಯೆಂದು ಅಲ್ಲಿಗೇ ಕಳುಹಿಸುತ್ತದೆ. ಇವರು ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಶಿರಸಿ, ಸಿದ್ದಾಪುರ, ಜೋಗ, ಕೊನೆಗೆ ಮಾವಿನಗುಂಡಿಯಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ ಎಂದು ಒಂದು ಸುತ್ತನ್ನು ಹಾಕಿಕೊಟ್ಟರು. ಹೋದ ದಾರಿಯಲ್ಲಿ ಹಿಂದಿರುಗುವುದೇ ಇಲ್ಲ, ಮತ್ತು ಮಾಗೋಡು, ಸೋಂದೆ, ಉಂಚಳ್ಳಿ, ಜೋಗ ನಾಲ್ಕೂ ಆ ಸುತ್ತಿನ ಅಂಚಿನಲ್ಲೇ ಬರುತ್ತವೆ. ಚಾಲಕರು ಪ್ರತಿ ಬೆಳಿಗ್ಗೆ ಆಯಾ ಊರಿನ ಪರಿಚಯದವರಿಗೆ ಕರೆ ಮಾಡಿ ದಾರಿ ಕೇಳುತ್ತಿದ್ದರು, ಕತ್ತಲಾದ ಮೇಲೆ ಘಟ್ಟಕ್ಕೆ ಗಾಡಿ ಇಳಿಸುವುದಿಲ್ಲ ಎಂಬ ಕಟ್ಟುನಿಟ್ಟು ಅವರಿಗಿತ್ತು. ಗುಡುಗಿನ ಮಳೆಗೆ ಮರ ಬಿದ್ದ ಒಂದು ಸಂಜೆ ಈ ಕಟ್ಟುನಿಟ್ಟಿನ ಬೆಲೆ ಗೊತ್ತಾಯಿತು.

ಇಷ್ಟು ಬಲ್ಲವರು ಘಟ್ಟ ಇಳಿದೊಡನೆ ಬೇರೆಯೇ ಕಚೇರಿಯಂತೆ ವರ್ತಿಸುತ್ತಾರೆ ಎಂಬುದೇ ನನ್ನ ದೊಡ್ಡ ಆಕ್ಷೇಪ. ಕರಾವಳಿಗೆ ಅವರು ಬರೆದುಕೊಟ್ಟ ಪುಟದಲ್ಲಿ ಮುರ್ಡೇಶ್ವರ, ಇಡಗುಂಜಿ, ಗೋಕರ್ಣ, ಕಾರವಾರ ಎಂದು ಬಸ್ಸಿನ ಬೋರ್ಡಿನಂತೆ ಊರುಗಳ ಸಾಲಿತ್ತು. ಮೆಟ್ಟಿಲುಗಳ ಲೆಕ್ಕವಿಲ್ಲ, ಭರತ ಇಳಿತಗಳ ಹೊತ್ತು ಇಲ್ಲ, ಯಾವ ಬೀಚಿನಲ್ಲಿ ಜೀವರಕ್ಷಕರಿರುತ್ತಾರೆ ಎಂಬ ಮಾತಿಲ್ಲ. ಕಾರವಾರದ ಎದುರಿಗೆ "ಊಟ" ಎಂದು ಮಾತ್ರ ಬರೆದಿತ್ತು. ಇಲ್ಲಿಯವರಾದ ನಮಗೆ ನಗು ಬಂತು, ಆದರೆ ಹೊರಗಿನಿಂದ ಬರುವವರು ಅದನ್ನು ನಂಬಿಯೇ ಹೋಗುತ್ತಾರೆ.

ಅಕ್ಟೋಬರ್‌ನ ಕಡಲು ಜಲಪಾತಕ್ಕಿಂತ ಹೆಚ್ಚು ಎಚ್ಚರ ಬೇಡುತ್ತದೆ. ಆಕಾಶ ತಿಳಿಯಾದರೂ ಅಲೆಗಳ ಸೆಳೆತ ಪೂರ್ತಿ ಇಳಿದಿರುವುದಿಲ್ಲ, ಗೋಕರ್ಣದ ಬಂಡೆಗಳಿರುವ ತೀರಗಳಲ್ಲಂತೂ ಹೊರಗಿನವರು ನೀರಿಗಿಳಿಯದಿರುವುದೇ ಒಳ್ಳೆಯದು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಮಳೆಗಾಲದ ನಂತರ ತೆರೆದುಕೊಳ್ಳುತ್ತದೆ, ಆದರೆ ನೀರು ತಿಳಿಯಾಗಿ ಹವಳ ಮೀನುಗಳು ಸ್ಪಷ್ಟ ಕಾಣಬೇಕೆಂದರೆ ಇನ್ನಷ್ಟು ವಾರ ಕಾಯಬೇಕು. ಇದನ್ನೂ ಅವರು ಎಲ್ಲಿಯೂ ಬರೆದಿರಲಿಲ್ಲ. ಅದೇ ತಿಂಗಳಿಗೆ ಹೇಳಿ ಮಾಡಿಸಿದ ಎರಡು ಸ್ಥಳಗಳು ಅವರ ಪುಟದಲ್ಲೇ ಇರಲಿಲ್ಲ. ಒಂದು ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿರುವ ಅದರ ಚಿರೆಕಲ್ಲಿನ ಗೋಡೆಗಳು ಮಳೆಗಾಲದ ಪಾಚಿ ಹೊದ್ದು ನಿಂತಿರುವುದು ಈ ತಿಂಗಳಲ್ಲೇ, ಬಿಸಿಲು ಏರಿದಂತೆ ಅವು ಒಣಗಿ ಕೆಂಪಾಗುತ್ತವೆ. ಇನ್ನೊಂದು ಹೊನ್ನಾವರ: ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗೆ ಮರದ ಹಲಗೆಯ ನಡಿಗೆ ದಾರಿ, ಅದರ ಹತ್ತಿರವೇ ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಕಾಸರಕೋಡಿನ ಕಡಲತೀರ. ಎರಡೂ ಸಮತಟ್ಟು, ಅಮ್ಮನಂಥವರಿಗೆ ಹೇಳಿಸಿದ ಜಾಗ. ಗೇರುಸೊಪ್ಪೆ ಘಟ್ಟ ಇಳಿದವರು ಹೊನ್ನಾವರಕ್ಕೇ ಬರುವುದರಿಂದ ಸುತ್ತು ಬಳಸುವ ಅಗತ್ಯವೂ ಇರಲಿಲ್ಲ.

ಕಾರವಾರದ ಬಗ್ಗೆ ಇಲ್ಲಿಯವನಾಗಿ ಹೇಳುವ ಮಾತು ಪಕ್ಷಪಾತದ್ದೆಂದು ಅನ್ನಿಸಬಹುದು, ಆದರೂ ಹೇಳುತ್ತೇನೆ. ಜೂನ್, ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳೆಲ್ಲ ಕಡಲಿಗಿಳಿದಿರುವ ಕಾಲವಿದು. ಮೀನು ಪೇಟೆಯಲ್ಲಿ ತಾಜಾ ಬಂಗಡೆ ಬರುತ್ತದೆ, ಖಾನಾವಳಿಗಳ ತಟ್ಟೆಯಲ್ಲಿ ಅದು ಗೊತ್ತಾಗುತ್ತದೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತರುಣ ರವೀಂದ್ರನಾಥ ಠಾಗೋರರು ಉಳಿದುಕೊಂಡಿದ್ದ ಊರಿದು, ಪೇಟೆಯ ಬೀಚಿಗೆ ಅವರದೇ ಹೆಸರು. ಅದೇ ಬೀಚಿನಲ್ಲಿ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಪಕ್ಕದಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟುಪೊಲೆವ್ 142 ವಿಮಾನವಿದೆ. ಧಾರವಾಡದ ಮಕ್ಕಳು ಯಾಣವನ್ನು ಮರೆತದ್ದು ಇಲ್ಲಿ. ಕಾಳಿ ನದಿಯ ಆಚೆ ದಡದ ಸದಾಶಿವಗಡ ಕೋಟೆಯನ್ನು 18ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದವರು ಸೋಂದೆಯ ಅರಸರೇ, ಆ ಹೆಸರು ಅರಸನ ತಂದೆಯದೆಂದು ಹೇಳುತ್ತಾರೆ. ಸೋಂದೆಯ ಮಠಗಳ ಕಥೆಯನ್ನು ಅಷ್ಟು ಚೆನ್ನಾಗಿ ಹೇಳಿದ ಕಚೇರಿಗೆ ಅದೇ ಅರಸರ ಕೋಟೆ ಕಾಳಿಯ ಮುಖದಲ್ಲಿ ನಿಂತಿರುವುದು ಕಾಣಲಿಲ್ಲವೆಂದರೆ ಆಶ್ಚರ್ಯ. ಗುಡ್ಡದ ಮೇಲಿನಿಂದ ನದಿ ಕಡಲಿಗೆ ಸೇರುವುದು, ದೇವಬಾಗದ ಗಾಳಿಮರಗಳ ಸಾಲು, 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದುಬಿದ್ದ ಜಾಗ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಈ ಕೊರತೆಯನ್ನು ತುಂಬಿಕೊಳ್ಳುವ ದಾರಿಯೂ ಇದೆ, ಅದು ರೈಲು. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಹೊನ್ನಾವರದಲ್ಲಿ ಕಚೇರಿಯ ವಾಹನವನ್ನು ಬಿಟ್ಟುಕೊಟ್ಟರೆ ಕಿಲೋಮೀಟರ್ ಬಾಡಿಗೆ ಅಲ್ಲಿಗೇ ನಿಲ್ಲುತ್ತದೆ, ಅಲ್ಲಿಂದ ಕಾರವಾರದವರೆಗೆ ನದಿಮುಖಗಳನ್ನು ಒಂದೊಂದಾಗಿ ದಾಟುವ ಪ್ರಯಾಣ ಕಿಟಕಿಯ ಬಳಿ ಕುಳಿತವರಿಗೆ ಹೆದ್ದಾರಿಗಿಂತ ಎಷ್ಟೋ ಮೇಲು. ಒಂದೇ ಎಚ್ಚರಿಕೆ: ಈ ಮಾರ್ಗದಲ್ಲಿ ಅಕ್ಟೋಬರ್‌ನ ಬಹುಭಾಗ ಮಳೆಗಾಲದ ವೇಳಾಪಟ್ಟಿಯೇ ನಡೆಯುತ್ತದೆ, ರೈಲುಗಳು ವೇಗ ತಗ್ಗಿಸಿ ಓಡುತ್ತವೆ, ಹೊತ್ತುಗಳು ಬೇರೆ ಇರುತ್ತವೆ. ಹಳೆಯ ಟಿಕೆಟ್ಟಿನ ಹೊತ್ತನ್ನು ನಂಬಿ ನಿಲ್ದಾಣಕ್ಕೆ ಹೋಗಬಾರದು. ಕಾರವಾರದ ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ, ಅಲ್ಲಿಂದ ಆಟೊ ಹಿಡಿಯಬೇಕು.

ನನ್ನ ತೀರ್ಪು ಇಷ್ಟು. ಯಲ್ಲಾಪುರ, ಶಿರಸಿ, ಸಿದ್ದಾಪುರದ ದಿನಗಳಿಗೆ ಈ ಕಚೇರಿಗೆ ಕೊಟ್ಟ ಶುಲ್ಕ ಪೂರ್ತಿ ಸಾರ್ಥಕ. ವಯಸ್ಸಾದವರೂ ಮಕ್ಕಳೂ ಒಟ್ಟಿಗಿರುವ ಕುಟುಂಬಕ್ಕಂತೂ ಬೇರೆಯವರನ್ನು ಹುಡುಕುವುದು ಬೇಡ. ಕರಾವಳಿಯ ಪುಟಕ್ಕೆ ಹಣ ಕೊಡಬೇಡಿ. ಅದನ್ನು ಬಿಟ್ಟು ಘಟ್ಟದ ಮೇಲಿನ ಯೋಜನೆಯನ್ನಷ್ಟೇ ಕೊಡಿ ಎಂದರೆ ಶುಲ್ಕ ಕಡಿಮೆ ಮಾಡುತ್ತಾರೆ, ಆದರೆ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಆಯುಧ ಪೂಜೆಯ ದಿನ ಅವರ ಗಾಡಿಗಳು ಹೊರಡುವುದಿಲ್ಲ. ವಿಜಯದಶಮಿ ಕಳೆದ ಮೇಲಿನ ದಿನಗಳನ್ನು ಕೇಳಿದರೆ ಹೋಮ್‌ಸ್ಟೇಯೂ ಸುಲಭವಾಗಿ ಸಿಗುತ್ತದೆ, ಜೋಗದ ಜನಸಂದಣಿಯೂ ಇಳಿದಿರುತ್ತದೆ. ಕರೆ ಮಾಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೆಟ್ಟಿಲಿನ ಪ್ರಶ್ನೆಗೆ ಅವರೇ ಉತ್ತರ ಹೇಳಲಿ.